ಆಗ ನಮ್ಮ ಕಡೆ ಏನಿತ್ತು?

ಪಿಯುಸಿಗೆ ಆರ್ಟ್ಸ್ ತಗೊಂಡೆ ಅಂದರೆ ನಮ್ಮ ಕಡೆ ಜನ ಮೊದಲು ಕೇಳುವುದು ಒಂದೇ ಮಾತು. "ಯಾಕವಾ, ಸೈನ್ಸ್ ಸಿಗಲಿಲ್ಲೇನು?"

ಸಿಕ್ಕಿತ್ತು. ನಾನೇ ಬೇಡ ಅಂದೆ. ಹಾಗಂತ ಎಷ್ಟು ಸಲ ಹೇಳಿದರೂ ಕೇಳಿದವರ ಮುಖದ ಮೇಲಿನ "ಪಾಪ" ಹೋಗುವುದಿಲ್ಲ. ಈಗ ವಾದ ಮಾಡುವುದನ್ನೇ ಬಿಟ್ಟಿದ್ದೇನೆ. ಫಸ್ಟ್ ಪಿಯು ಮುಗಿದು ರಿಸಲ್ಟ್ ಬಂದಿದೆ. ಸೆಕೆಂಡ್ ಪಿಯು ಪುಸ್ತಕ ಇನ್ನೂ ಕೈಗೆ ಬಂದಿಲ್ಲ. ಸುಮ್ನೆ ಕೂತಿರುವ ಈ ದಿನಗಳಲ್ಲಿ ಹೋದ ವರ್ಷ ಓದಿದ ಎರಡು ವಿಷಯಗಳ ಬಗ್ಗೆ ಬರೆಯೋಣ ಅನ್ನಿಸಿತು. ಒಂದು ಜಗತ್ತಿನ ಇತಿಹಾಸ, ಇನ್ನೊಂದು ಭೂಗೋಳ.

ನಮ್ಮೂರು ಲಕ್ಕುಂಡಿ, ಕಾಲೇಜು ಗದಗಿನಲ್ಲಿ. ಇತಿಹಾಸದ ಸರ್‌ಗೆ ಒಂದು ಅಭ್ಯಾಸ ಇತ್ತು. ಕ್ಲಾಸಿಗೆ ಬಂದ ಕೂಡಲೇ ಬೋರ್ಡಿನ ನಟ್ಟನಡುವೆ ಗೆರೆ ಎಳೆಯುತ್ತಿದ್ದರು. ಎಡಗಡೆ ಪುಸ್ತಕದ ಪಾಠ. ಬಲಗಡೆ ಖಾಲಿ. ಪಾಠ ಮುಗಿಯುವ ಹೊತ್ತಿಗೆ ಸೀಮೆಸುಣ್ಣವನ್ನು ಆ ಖಾಲಿ ಕಡೆ ತೋರಿಸಿ, "ಆಗ ನಮ್ಮ ಕಡೆ ಏನಿತ್ತು? ಹೇಳ್ರಿ" ಅನ್ನುತ್ತಿದ್ದರು. ಮೊದಮೊದಲು ಇಡೀ ಕ್ಲಾಸು ಬೆಂಚು ನೋಡುತ್ತಿತ್ತು. ಪರೀಕ್ಷೆಗೆ ಬರದ ಪ್ರಶ್ನೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಬಲಗಡೆ ಮೊದಲ ಸಲ ಸರಿಯಾಗಿ ತುಂಬಿದ್ದು ಗುಟೆನ್‌ಬರ್ಗ್ ಪಾಠದ ದಿನ. ಜರ್ಮನಿಯ ಮೈಂಜ್ ಊರಿನಲ್ಲಿ ಅವನು ಅಚ್ಚಿನ ಮೊಳೆ ಜೋಡಿಸಿ ಪುಸ್ತಕ ಮಾಡಲು ಹೊರಟಿದ್ದು 1450ರ ಸುಮಾರಿಗೆ. ನಮ್ಮ ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಭಾರತ ಬರೆದದ್ದು ಅದೇ ಶತಮಾನದಲ್ಲಿ, ಅದಕ್ಕಿಂತ ತುಸು ಮೊದಲು. ಅವನು ಒರಗಿ ಕೂತ ಕಂಬ ಇದೇ ಅಂತ ಈಗಲೂ ತೋರಿಸುತ್ತಾರೆ. ನಾವೆಲ್ಲ ಆ ಕಂಬ ಮುಟ್ಟಿ ಬಂದವರೇ. ಆದರೆ ಆ ಕಂಬವೂ ಮೈಂಜಿನ ಅಚ್ಚುಕೂಟವೂ ಹೆಚ್ಚುಕಡಿಮೆ ಒಂದೇ ಕಾಲದವು ಅಂತ ಯಾರಿಗೂ ಹೊಳೆದಿರಲಿಲ್ಲ. ಕನ್ನಡ ಅಕ್ಷರ ಅಚ್ಚಾಗುವುದಕ್ಕೆ ಆಮೇಲೂ ಮುನ್ನೂರೈವತ್ತು ವರ್ಷ ಹಿಡಿಯಿತು. ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದು 1817ರಲ್ಲಿ. ಅಲ್ಲಿಯವರೆಗೆ ಕುಮಾರವ್ಯಾಸ ಉಳಿದದ್ದು ಓಲೆಗರಿಯಲ್ಲಿ ಮತ್ತು ಜನರ ಬಾಯಲ್ಲಿ.

ಆ ದಿನದ ಮಜಾ ಬೇರೆಯೇ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಪ್ರೆಸ್ಸಿನಲ್ಲಿ ದುಡಿಯುವವರ ಮಕ್ಕಳು ನಮ್ಮ ಕ್ಲಾಸಿನಲ್ಲಿದ್ದರು. ಸರ್ ಮೊಳೆ ಜೋಡಿಸುವುದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ಅಕ್ಷರ ಉಲ್ಟಾ ಇರ್ತಾವ್ರಿ. ಇಂಗ್ಲಿಷಿಗೆ ಸಣ್ಣ ಪೆಟ್ಟಿಗಿ ಸಾಕ್ರಿ, ಕನ್ನಡಕ್ಕ ಒತ್ತಕ್ಷರದ ಮೊಳಿ ಬ್ಯಾರೆ, ಕಾಗುಣಿತದ್ದು ಬ್ಯಾರೆ. ಗ್ವಾಡಿ ತುಂಬ ಖಾನೆ ಬೇಕಾಗ್ತಾವಂತ ನಮ್ಮ ಅಜ್ಜ ಹೇಳ್ತಿದ್ರು." ವರ್ಷವೆಲ್ಲ ಬಾಯಿ ಬಿಡದ ಹುಡುಗ ಅವನು. ಸರ್ ಅವನನ್ನು ಮುಂದೆ ಕರೆದು ಸೀಮೆಸುಣ್ಣ ಕೈಗೆ ಕೊಟ್ಟರು. ಅವನು 'ಸ್ತ್ರ' ಬರೆದು, ಇದಕ್ಕೆ ಯಾವ ಯಾವ ಮೊಳೆ ಎಲ್ಲೆಲ್ಲಿ ಕೂರುತ್ತದೆ ಅಂತ ತೋರಿಸಿದ.

ಫ್ರೆಂಚ್ ಕ್ರಾಂತಿಯ ಪಾಠ ನನ್ನನ್ನು ಜಾಸ್ತಿ ದಿನ ಕಾಡಿತು. ಎಡಗಡೆಯದ್ದು ಎಲ್ಲರಿಗೂ ಗೊತ್ತಿರುವುದೇ. 1788ರ ಜುಲೈನಲ್ಲಿ ಪ್ಯಾರಿಸ್ ಸುತ್ತಮುತ್ತ ಭಾರಿ ಆಲಿಕಲ್ಲು ಬಿದ್ದು ಪೈರು ನೆಲಕಚ್ಚಿತು. ಮರುವರ್ಷ ರೊಟ್ಟಿಯ ಬೆಲೆ ಕೈಗೆ ಸಿಗದಷ್ಟು ಏರಿತು. ಜುಲೈ 14ಕ್ಕೆ ಬಾಸ್ಟೀಲ್ ಸೆರೆಮನೆ ಜನರ ಕೈಗೆ ಬಿತ್ತು. ಅಕ್ಟೋಬರಿನಲ್ಲಿ ಮಾರ್ಕೆಟ್ಟಿನ ಹೆಂಗಸರು ಮಳೆಯಲ್ಲೇ ರಾಜನ ಅರಮನೆ ಇದ್ದ ವರ್ಸೇಲ್ಸ್‌ಗೆ ನಡೆದು ಹೋಗಿ, ರಾಜನನ್ನು ಸಂಸಾರ ಸಮೇತ ಪ್ಯಾರಿಸ್ಸಿಗೆ ಕರೆತಂದರು. ಅವರು ನಡೆದದ್ದು ಸುಮಾರು 20 ಕಿ.ಮೀ. ಲಕ್ಕುಂಡಿಯಿಂದ ಗದಗಿಗೆ ಹೋಗಿ ಬಂದಷ್ಟು ದೂರ ಅಂತ ನಾನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ.

ಇನ್ನು ಬಲಗಡೆ. ಧಾರವಾಡದ ಕೋಟೆ ಆಗ ಟಿಪ್ಪುವಿನ ಕೈಯಲ್ಲಿತ್ತು. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ಜೊತೆಗೆ ಇಂಗ್ಲಿಷರ ಒಂದು ತುಕಡಿಯೂ ಇತ್ತು. ಮುಂದಿನ ಏಪ್ರಿಲ್‌ವರೆಗೆ ಮುತ್ತಿಗೆ ನಡೆಯಿತು. ದಂಡು ಅಂದರೆ ಗೊತ್ತಲ್ಲ, ಸುತ್ತಲಿನ ಹಳ್ಳಿಗಳ ಕಾಳು, ಕಣಿಕೆ, ಎತ್ತು ಎಲ್ಲ ಅದರ ಹೊಟ್ಟೆಗೆ. ಅದರ ಬೆನ್ನಿಗೇ 1791–92ರ ಬರ. ಡೋಜಿ ಬರ, ಅಂದರೆ ತಲೆಬುರುಡೆಯ ಬರ. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ಬುರುಡೆಗಳು ಬಯಲಲ್ಲೇ ಬಿದ್ದಿದ್ದವು ಅಂತ ಆ ಹೆಸರು.

ಪಾಠ ಅಲ್ಲಿಗೆ ನಿಂತಿದ್ದರೆ ಅಯ್ಯೋ ಅಂದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಆದರೆ ಆ ದಿನಗಳಲ್ಲೇ ಭೂಗೋಳದ ಮೇಡಂ ಎಲ್ ನಿನೊ ಹೇಳುತ್ತಿದ್ದರು. ಪೆಸಿಫಿಕ್ ಸಾಗರದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಸೋಲುತ್ತದೆ. ಬಿಸಿನೀರು ಪೆರು ದೇಶದ ಕಡೆ ಸರಿಯುತ್ತದೆ. ಅಲ್ಲಿ ಜಡಿಮಳೆ, ನಮ್ಮ ಮುಂಗಾರಿಗೆ ಪೆಟ್ಟು. ಹಳೆಯ ದೊಡ್ಡ ಎಲ್ ನಿನೊಗಳಲ್ಲಿ 1789ರಿಂದ 1793ರವರೆಗಿನದೂ ಒಂದು ಅಂದರು. ನಾನು ಇತಿಹಾಸದ ನೋಟ್ಸು ತೆಗೆದು ವರ್ಷ ನೋಡಿದೆ. ಡೋಜಿ ಬರ ಅದರ ನಡುವೆಯೇ ಬಿದ್ದಿತ್ತು.

ಕ್ಲಾಸ್ ಮುಗಿದ ಮೇಲೆ ಮೇಡಂ ಹತ್ತಿರ ಓಡಿದೆ. ಅವರು ಖುಷಿ ಪಟ್ಟರು, ಆದರೆ ಲಗಾಮನ್ನೂ ಹಾಕಿದರು. "ಎಲ್ ನಿನೊ ಬಂದ ವರ್ಷೆಲ್ಲಾ ಬರ ಬೀಳಂಗಿಲ್ಲವಾ. 1997ರಾಗ ಎಷ್ಟು ಜೋರು ಇತ್ತು, ಆದ್ರೂ ದೇಶದಾಗ ಮಳಿ ಚಲೋ ಆಗಿತ್ತು. 1877ರಾಗ ಮಾತ್ರ ಮಳಿನೂ ಇಲ್ಲ, ಜನಾನೂ ಉಳೀಲಿಲ್ಲ." ಅವರ ಮಾತು ಸರಿ. ಫ್ರಾನ್ಸಿನ ಆಲಿಕಲ್ಲಿಗೂ ನಮ್ಮ ಬರಕ್ಕೂ ಗಂಟು ಹಾಕಲು ನನಗೆ ಯಾವ ಆಧಾರವೂ ಇಲ್ಲ, ಹಾಕುವುದೂ ಇಲ್ಲ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಹಸಿವು ಎರಡೂ ಕಡೆ ಇತ್ತು. ಪ್ಯಾರಿಸ್ಸಿನವರಿಗೆ ನಡೆದು ಹೋಗಿ ಬಾಗಿಲು ಬಡಿಯಲು ವರ್ಸೇಲ್ಸ್ ಇತ್ತು. ನಮ್ಮವರು ಯಾರನ್ನು ಕೇಳಬೇಕಿತ್ತು? ಮೊನ್ನೆಯವರೆಗೆ ಶ್ರೀರಂಗಪಟ್ಟಣಕ್ಕೆ ಕಂದಾಯ ಕೊಟ್ಟವರು, ಇವತ್ತು ಪುಣೆಯವರಿಗೆ ಕೊಡಬೇಕು. ಎರಡೂ ಎಷ್ಟು ದೂರ ಅಂತ ನಕಾಶೆ ನೋಡಿದರೆ ಗೊತ್ತಾಗುತ್ತದೆ. ಇಲ್ಲಿನವರಿಗೆ ಸಿಟ್ಟು ಬರಲಿಲ್ಲವೇ ಅಂತ ಯಾರೋ ಕ್ಲಾಸಿನಲ್ಲಿ ಕೇಳಿದ್ದರು. ಬಂದಿರುತ್ತದೆ. ಅದನ್ನು ಎಲ್ಲಿಗೆ ಒಯ್ಯುವುದು ಅನ್ನುವುದು ಭೂಗೋಳದ ಪ್ರಶ್ನೆ ಅಂತ ನನಗೆ ಈಗ ಅನ್ನಿಸುತ್ತದೆ.

ನಾನೇ ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ.

ಗ್ರೀಕರ ಪಾಠದಲ್ಲಿ ಎರಟೋಸ್ತನೀಸ್ ಅನ್ನುವವನು ಬರುತ್ತಾನೆ. ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ಕ್ರಿ.ಪೂ. 240ರ ಸುಮಾರಿಗೆ ಅವನು ನೆರಳು ಅಳೆದು ಭೂಮಿಯ ಸುತ್ತಳತೆ ಹೇಳಿದ. ದಕ್ಷಿಣಕ್ಕೆ ಸಿಯೀನ್ ಅಂತ ಊರು, ಈಗಿನ ಅಸ್ವಾನ್. ಅಲ್ಲಿ ಬೇಸಿಗೆಯ ಅತಿ ಉದ್ದನೆಯ ದಿನ ನಡು ಮಧ್ಯಾಹ್ನ ಸೂರ್ಯ ಬಾವಿಯ ತಳದವರೆಗೆ ಇಣುಕುತ್ತಾನೆ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ನೆರಳಿನ ಕೋನ ಪೂರ್ತಿ ವೃತ್ತದ ಐವತ್ತನೇ ಒಂದು ಪಾಲು. ಹಾಗಾದರೆ ಎರಡು ಊರಿನ ನಡುವಿನ ದೂರದ ಐವತ್ತು ಪಟ್ಟು ಈ ಭೂಮಿ. ಇಷ್ಟೇ ಲೆಕ್ಕ. ಪುಸ್ತಕ, ಕೋಲು, ಬಾವಿ ಬಿಟ್ಟರೆ ಬೇರೆ ಏನೂ ಬೇಕಾಗಲಿಲ್ಲ.

ಮೇಡಂ ರೇಖಾಂಶ ಹೇಳುವಾಗ ಅಟ್ಲಾಸ್ ನೋಡುತ್ತಿದ್ದೆ. ಲಕ್ಕುಂಡಿಯೂ ವಿಜಯಪುರವೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ ಇವೆ, 75.7 ಡಿಗ್ರಿ ಪೂರ್ವ. ಅಂದರೆ ವಿಜಯಪುರ ನಮ್ಮ ನೆಟ್ಟಗೆ ಉತ್ತರಕ್ಕೆ, ಎರಟೋಸ್ತನೀಸನ ಲೆಕ್ಕಕ್ಕೆ ಬೇಕಾದದ್ದೂ ಇಂಥವೇ ಎರಡು ಊರು. ಅಲ್ಲಿ ನಮ್ಮ ಚಿಗವ್ವನ ಮಗಳು ಇದ್ದಾಳೆ. ಫೋನ್ ಮಾಡಿದೆ. "ನಿನಗ ಹುಚ್ಚು ಹಿಡದೈತೇನು?" ಅಂದಳು. ಆದರೂ ಒಪ್ಪಿದಳು.

ಫೆಬ್ರವರಿ ನಡುವಿನ ಒಂದು ಭಾನುವಾರ. ಇಬ್ಬರ ಹತ್ತಿರವೂ ಒಂದು ಮೀಟರ್ ಉದ್ದಕ್ಕೆ ಕತ್ತರಿಸಿದ ಪಿವಿಸಿ ಪೈಪು. ನಾನು ನಮ್ಮ ಮಾಳಿಗೆಯ ಮೇಲೆ, ಅವಳು ಅವರ ಮಾಳಿಗೆಯ ಮೇಲೆ. ಪೈಪು ನೆಟ್ಟಗೆ ನಿಂತಿದೆಯೋ ಇಲ್ಲವೋ ನೋಡಲು ದಾರಕ್ಕೆ ನಟ್ಟು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟೆ. ನೆರಳಿನ ತುದಿಗೆ ಆಗಾಗ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಕೂತೆ. ಆಗ ಗೊತ್ತಾಗಿದ್ದು, ನೆರಳಿಗೆ ಚೂಪಾದ ತುದಿ ಇರುವುದೇ ಇಲ್ಲ. ಕಪ್ಪು ಮುಗಿದ ಮೇಲೆ ಒಂದು ಬೆರಳಿನಷ್ಟು ಮಬ್ಬು, ಆಮೇಲೆ ಬಿಸಿಲು. ಎಲ್ಲಿ ಗುರುತು ಹಾಕಬೇಕು? ಕಪ್ಪು ಮುಗಿಯುವಲ್ಲಿ ಅಂತ ಫೋನಿನಲ್ಲೇ ತೀರ್ಮಾನ ಆಯಿತು. ಇಬ್ಬರೂ ಒಂದೇ ಥರ ಅಳೆದರೆ ತಪ್ಪು ಒಂದಕ್ಕೊಂದು ಹೊಡೆದು ಹೋಗುತ್ತದೆ.

ಹನ್ನೆರಡು ಗಂಟೆಗೆ ಅಜ್ಜ ಮಾಳಿಗೆ ಹತ್ತಿ ಬಂದು, "ಆತಲ್ಲ, ಸೂರ್ಯ ನೆತ್ತಿಮ್ಯಾಗ ಬಂದ, ಇಳಿ ಇನ್ನ" ಅಂದರು. ನೆರಳು ಮಾತ್ರ ಇನ್ನೂ ಚಿಕ್ಕದಾಗುತ್ತಲೇ ಇತ್ತು. ಅದು ಪೂರ್ತಿ ಗಿಡ್ಡ ಆದದ್ದು 12:40ರ ಆಸುಪಾಸಿಗೆ. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ರೇಖಾಂಶದ ಹೊತ್ತು, ಅದು ಉತ್ತರ ಪ್ರದೇಶದ ಮಿರ್ಜಾಪುರದ ಕಡೆ ಹಾದು ಹೋಗುತ್ತದೆ. ನಾವು ಅಲ್ಲಿಂದ 6.8 ಡಿಗ್ರಿ ಪಶ್ಚಿಮಕ್ಕೆ ಇದ್ದೇವೆ. ಡಿಗ್ರಿಗೆ 4 ನಿಮಿಷ ಅಂದರೆ ಅಲ್ಲಿಗೇ 27 ನಿಮಿಷ ತಡ. ಫೆಬ್ರವರಿಯಲ್ಲಿ ಭೂಮಿಯ ಓಟ ಮತ್ತು ಓರೆಯಿಂದ ಇನ್ನೊಂದು 14 ನಿಮಿಷ. ಅಜ್ಜನಿಗೆ ಇದನ್ನೆಲ್ಲ ಹೇಳಿದೆ. "ಹಂಗಾರ ಇಷ್ಟು ದಿನ ನಾ ಹೊಲದಾಗ ಬುತ್ತಿ ಬಿಚ್ಚಿದ್ದು ಖರೇ ಹೊತ್ತಿಗೇ ಆತು, ಗಡಿಯಾರದ್ದೇ ಸುಳ್ಳು" ಅಂತ ನಕ್ಕರು.

ನನ್ನ ನೆರಳು 52.3 ಸೆಂ.ಮೀ., ಅವಳದ್ದು 55.4. ಕೋನಕ್ಕೆ ತಿರುಗಿಸಿದರೆ ವ್ಯತ್ಯಾಸ 1.38 ಡಿಗ್ರಿ. ನಕಾಶೆಯಲ್ಲಿ ನೇರ ದೂರ ಸುಮಾರು 160 ಕಿ.ಮೀ. ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ಹತ್ತಿರ ಹತ್ತಿರ 41,800 ಕಿ.ಮೀ. ಬಂತು. ನಿಜವಾದದ್ದು 40,000. ಅರ್ಧ ಸೆಂ.ಮೀ. ಆಚೀಚೆ ಆಗಿದ್ದರೆ ಭೂಮಿ ಆರೆಂಟು ಸಾವಿರ ಕಿ.ಮೀ. ಉಬ್ಬುತ್ತಿತ್ತು ಇಲ್ಲವೇ ಸೊರಗುತ್ತಿತ್ತು, ಹಾಗಾಗಿ ಅದೃಷ್ಟವೂ ಇತ್ತು ಅನ್ನಿ. ಮರುದಿನ ಮೇಡಂಗೆ ತೋರಿಸಿದೆ, ಅವರು ಸರ್‌ಗೆ ತೋರಿಸಿದರು. ಇದು ಇತಿಹಾಸದ್ದೋ ಭೂಗೋಳದ್ದೋ ಅಂತ ಸ್ಟಾಫ್ ರೂಮಿನಲ್ಲಿ ಸಣ್ಣ ಜಗಳವೇ ಆಯಿತಂತೆ. ಅಂಕ ಯಾರೂ ಕೊಡಲಿಲ್ಲ.

ಬೇಜಾರಿನ ಮಾತೂ ಒಂದಿದೆ. ನಮ್ಮ ಕ್ಲಾಸಿನಲ್ಲಿ ಆಫ್ರಿಕಾ ಮೊದಲ ಪಾಠದಲ್ಲಿ ಬಂತು, ಮನುಷ್ಯ ಹುಟ್ಟಿದ ಜಾಗ ಅಂತ. ಆಮೇಲೆ ಅದು ಮತ್ತೆ ಕಂಡದ್ದು ಯೂರೋಪಿನವರು ಹಂಚಿಕೊಂಡ ಜಾಗವಾಗಿ. ನಡುವೆ ಅಷ್ಟು ದೊಡ್ಡ ಖಂಡ ಎಲ್ಲಿ ಹೋಯಿತು? ಗೋಡೆಯ ನಕಾಶೆಯೂ ಅದೇ ಕೆಲಸ ಮಾಡುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಹಡಗಿನವರಿಗೆ ದಿಕ್ಕು ತಪ್ಪದಿರಲಿ ಅಂತ ಮರ್ಕೇಟರ್ 1569ರಲ್ಲಿ ಮಾಡಿದ ನಕಾಶೆ ನಮ್ಮ ಕ್ಲಾಸ್ ರೂಮಿನಲ್ಲಿ ಇನ್ನೂ ಯಾಕೆ ತೂಗಬೇಕು?

ಆಫ್ರಿಕಾ ನಮಗೆ ದೂರವೂ ಅಲ್ಲ. ಕಲಘಟಗಿ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಜನ ಇದ್ದಾರೆ. ವಿಜಯಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಆಡಳಿತ ನಡೆಸಿದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಹೋಗಲಿ, ನಾವು ದಿನಾ ಬಡಿಯುವ ರೊಟ್ಟಿಯ ಜೋಳವನ್ನು ಮೊದಲು ಬಿತ್ತಿ ಪಳಗಿಸಿದ್ದು ಈಗಿನ ಸುಡಾನಿನ ಕಡೆಯವರು. ಅದು ಇಲ್ಲಿಗೆ ಬಂದು ಸುಮಾರು ನಾಲ್ಕು ಸಾವಿರ ವರ್ಷ. ಮೆಣಸಿನಕಾಯಿ, ಶೇಂಗಾ ಮಾತ್ರ ತೀರ ಈಚಿನವು. ಅಮೇರಿಕದವು, ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶಕ್ಕೆ ಇಳಿದವು. ಬಸವಣ್ಣನವರ ಕಾಲದಲ್ಲಿ ಬ್ಯಾಡಗಿಯಲ್ಲಿ ಒಂದೂ ಮೆಣಸಿನಕಾಯಿ ಇರಲಿಲ್ಲ ಅಂದರೆ ನಮ್ಮ ಅವ್ವ ನಂಬಲೇ ಇಲ್ಲ. "ಮತ್ತ ಶರಣರು ರೊಟ್ಟಿಗೆ ಏನ್ ಹಚ್ಚಿಕೊಂಡು ತಿಂತಿದ್ರು?" ಕರಿಮೆಣಸು ಇತ್ತು, ಹುಣಸೆ ಇತ್ತು, ಮೊಸರು ಇತ್ತು ಅಂದೆ. ಅವ್ವನಿಗೆ ಸಮಾಧಾನ ಆಗಲಿಲ್ಲ.

ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಾರಣಗಳನ್ನು ವಿವರಿಸಿ, ಪರಿಣಾಮಗಳನ್ನು ವಿವರಿಸಿ, ನಕಾಶೆಯಲ್ಲಿ ಗುರುತಿಸಿ. ಗೈಡ್ ಓದಿದವರಿಗೆ ನನಗಿಂತ ಜಾಸ್ತಿ ಅಂಕ ಬಂದಿವೆ. ಬರಲಿ.

ಎಲ್ಲಕ್ಕಿಂತ ಜಾಸ್ತಿ ನನ್ನ ಹಿಂದೆ ಬಿದ್ದದ್ದು ಹತ್ತಿ. ಅಜ್ಜ ವರ್ಷಾನುಗಟ್ಟಲೆ ಎರಿ ಹೊಲದಲ್ಲಿ ಹತ್ತಿ ಬೆಳೆದವರು. ಒಮ್ಮೆ ಅವರ ಜೊತೆ ಗದಗಿನ ಹತ್ತಿ ಮಾರ್ಕೆಟ್ಟಿಗೆ ಹೋಗಿದ್ದೆ. ವ್ಯಾಪಾರಿ ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿ ತೆಗೆದ. ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಎಳೆದ. ಎಳೆದ ಎರಡು ಭಾಗವನ್ನು ಒಂದರ ಮೇಲೊಂದು ಇಟ್ಟು ಮತ್ತೆ ಎಳೆದ. ಹೀಗೆ ಮಾಡುತ್ತಾ ಹೋದಂತೆ ಎಳೆಗಳೆಲ್ಲ ತಲೆ ಬಾಚಿದ ಹಾಗೆ ಒಂದೇ ದಿಕ್ಕಿಗೆ ಬಂದವು. ಅದನ್ನು ಕಪ್ಪು ಅಂಗಿಯ ತೋಳಿನ ಮೇಲೆ ಇಟ್ಟು ಉದ್ದ ನೋಡಿ ರೇಟು ಹೇಳಿದ. ಅರೆ ನಿಮಿಷದ ಕೆಲಸ, ಅಜ್ಜನ ಇಡೀ ವರ್ಷದ ದುಡಿಮೆಯ ಬೆಲೆ.

ಆ ಎಳೆಯ ಉದ್ದದ ಹಿಂದೆ ಎಂಥ ಕತೆ ಇದೆ ಅಂತ ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಗೊತ್ತಾಯಿತು. ಮ್ಯಾಂಚೆಸ್ಟರಿನ ಮಗ್ಗಗಳಿಗೆ ಉದ್ದ ಎಳೆಯ ಹತ್ತಿ ಬೇಕು. ಅದು ಬರುತ್ತಿದ್ದದ್ದು ಅಮೇರಿಕದ ದಕ್ಷಿಣದಿಂದ, ಗುಲಾಮರು ಬಿಡಿಸಿದ ಹತ್ತಿ. ನಮ್ಮ ನಾಟಿ ಹತ್ತಿಯ ಎಳೆ ಗಿಡ್ಡ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೇರಿಕದಿಂದ ಹತ್ತಿ ಬೆಳೆಗಾರರನ್ನೇ ಈ ದೇಶಕ್ಕೆ ಕರೆಸಿತು. ಧಾರವಾಡ ಜಿಲ್ಲೆಯಲ್ಲಿ ನ್ಯೂ ಓರ್ಲಿಯನ್ಸ್ ಬೀಜ ಬಿತ್ತಿಸಿತು. ಬೀಜ ಬಿಡಿಸುವ ಗರಗಸದ ಜಿನ್ನುಗಳನ್ನು ತರಿಸಿತು. ಬೇರೆ ಕಡೆ ಸೋತ ಆ ಬೀಜ ನಮ್ಮ ನೆಲದಲ್ಲಿ ಹಿಡಿಯಿತು. 'ಧಾರವಾಡ ಅಮೇರಿಕನ್' ಅಂತಲೇ ಅದಕ್ಕೆ ಹೆಸರಾಯಿತು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ. ಮ್ಯಾಂಚೆಸ್ಟರಿಗೆ ಹತ್ತಿ ನಿಂತಿತು. ಇಲ್ಲಿ ರೇಟು ಆಕಾಶಕ್ಕೆ ಹೋಯಿತು. 1865ರಲ್ಲಿ ಯುದ್ಧ ಮುಗಿದಾಗ ಅಷ್ಟೇ ಜೋರಾಗಿ ಕೆಳಗೆ ಬಿತ್ತು. ರೇಟು ಏರಿದಾಗ ಸಾಲ ಮಾಡಿದವರ ಗತಿ ಏನು ಅಂತ ಅಜ್ಜನಿಗೆ ನಾನು ವಿವರಿಸಬೇಕಾಗಿರಲಿಲ್ಲ. "ಅದು ಈಗೂ ಹಂಗ ಐತಿ" ಅಂದರು.

ಆಗ ನಮ್ಮ ಹತ್ತಿ ಚಕ್ಕಡಿ ಮೇಲೆ, ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಅಲ್ಲಿಂದ ಮುಂಬಯಿಗೆ ಸಾಗುತ್ತಿತ್ತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದಲ್ಲಿ ದೊಡ್ಡ ಬಂದರು ಆಗಲಿ ಅಂತ ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳು ಏಕೀಕರಣದವರೆಗೆ ಬೇರೆ ಬೇರೆ ಪ್ರಾಂತ್ಯದಲ್ಲಿ ಇದ್ದುದಕ್ಕೆ ನಮ್ಮ ಹೊಲದ ಹತ್ತಿಯೂ ಒಂದು ಕಾರಣ. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ, ಖುಷಿಗೆ.

ಆದರೆ ಇಷ್ಟೆಲ್ಲ ಆದ ಮೇಲೂ ರೈಲು ಕಾರವಾರಕ್ಕೆ ಹೋಗಲಿಲ್ಲ. ಗದಗಿಗೆ 1884ರಲ್ಲಿ ಬಂದ ರೈಲು ಮುಂದೆ ಹುಬ್ಬಳ್ಳಿ, ಲೋಂಡಾ ಮೇಲೆ ಹಾದು ಪೋರ್ಚುಗೀಸರ ಗೋವಾದ ಮರ್ಮಗೋವಾ ಬಂದರಿಗೆ ಇಳಿಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಕಾಡಿನ ತಕರಾರಿನಲ್ಲಿ ನಿಂತಿದೆ. ಸರ್‌ಗೆ ರೈಲು ಕಾರವಾರ ಬಿಟ್ಟು ಗೋವಾಕ್ಕೆ ಯಾಕೆ ಹೋಯಿತು ಅಂತ ಕೇಳಿದರೆ "1878ರಾಗ ಇಂಗ್ಲಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆತು, ಆದ್ರ ಘಟ್ಟದ ವಿಚಾರ ನಿಮ್ಮ ಮೇಡಂಗೆ ಕೇಳು" ಅಂದರು. ಮೇಡಂಗೆ ಕೇಳಿದರೆ ಘಟ್ಟದ ಇಳಿಜಾರು ವಿವರಿಸಿ, "ಒಪ್ಪಂದದ್ದು ಸರ್‌ಗೆ ಕೇಳವಾ" ಅಂದರು. ಸೆಕೆಂಡ್ ಪಿಯು ಟೈಮ್‌ಟೇಬಲ್ ಹಾಕಿದ್ದಾರೆ. ಬುಧವಾರ ಇಬ್ಬರ ಪೀರಿಯಡ್ಡೂ ಒಂದರ ಹಿಂದೆ ಒಂದು ಬಿದ್ದಿವೆ. ಒಬ್ಬರು ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ಬರುತ್ತಾರೆ, ಬಾಗಿಲಲ್ಲೇ ಇಬ್ಬರನ್ನೂ ಹಿಡಿಯಬೇಕು.